ಹತ್ತು ಬೆರಳು, ಒಂದು ಬ್ಯಾಂಡ್ ಸಾ

ಹೊರಗಿನಿಂದ ಮನೆಗೆ ಬಂದವನ ಮುಖ ನೋಡುವುದು ಲೋಕರೂಢಿ. ಮುಖ ಬಾಡಿದ್ದರೆ ಒಂದು ಲೋಟ ನೀರು ಕೊಡುತ್ತಾರೆ, ಅರಳಿದ್ದರೆ ಏನು ಸಮಾಚಾರ ಎಂದು ಕೇಳುತ್ತಾರೆ. ನಮ್ಮ ಮನೆಯ ಪದ್ಧತಿ ಬೇರೆ. ನನ್ನ ಹೆಂಡತಿ ರುಕ್ಮಿಣಿ ಮೊದಲು ನೋಡುವುದು ನನ್ನ ಕೈಗಳನ್ನು. ಎಡಗೈ, ಆಮೇಲೆ ಬಲಗೈ, ಅಷ್ಟರ ಮೇಲೆ ಪುರುಸೊತ್ತಿದ್ದರೆ ಮುಖ. ನಾನು ಹಿತ್ತಲ ಕೊಟ್ಟಿಗೆಯಿಂದ ಬಂದರೂ ಇದೇ, ತರಕಾರಿ ಚೀಲ ಹಿಡಿದು ಬಂದರೂ ಇದೇ. ಒಮ್ಮೆ ಯಾರದೋ ಮದುವೆಯಲ್ಲಿ ಊಟ ಮುಗಿಸಿ ಕೈ ತೊಳೆದು ಬಂದವನನ್ನೂ ಹಾಗೆಯೇ ನೋಡಿದಳು. ಪಕ್ಕದಲ್ಲಿ ನಿಂತವರು ನಾನು ಏನೋ ಕದ್ದು ಬಂದಿದ್ದೇನೆಂದು ತಿಳಿದಿರಬೇಕು.

ಇಷ್ಟು ವರ್ಷ ಅದಕ್ಕೊಂದು ಕಾರಣವಿತ್ತು. ಕೊಟ್ಟಿಗೆಯಲ್ಲಿ ಒಂದು ಬ್ಯಾಂಡ್ ಸಾ ಇತ್ತು. ಕಳೆದ ತಿಂಗಳು ಅದನ್ನು ಕೊಟ್ಟುಬಿಟ್ಟೆ. ಅರ್ಧ ಗಂಟೆ ನಿಂತರೆ ಮಂಡಿ ದೂರು ಹೇಳುತ್ತದೆ. ಕಣ್ಣು ಪೆನ್ಸಿಲ್ ಗೆರೆಯನ್ನು ಎರಡಾಗಿ ತೋರಿಸುತ್ತದೆ. ಎರಡು ಗೆರೆಗಳಲ್ಲಿ ಯಾವುದರ ಮೇಲೆ ಕೊಯ್ಯಬೇಕೆಂದು ಯೋಚಿಸುವ ವಯಸ್ಸಿನಲ್ಲಿ ಗರಗಸದ ಮುಂದೆ ನಿಲ್ಲಬಾರದು. ಆರು ಜನ ಬಂದು ಹೊತ್ತುಕೊಂಡು ಹೋದರು. ಗರಗಸ ಹೋಯಿತು, ಕೈ ನೋಡುವುದು ಹೋಗಲಿಲ್ಲ. ಮೊನ್ನೆ ತಡೆಯಲಾರದೆ ಯಾಕೆ ಎಂದು ಕೇಳಿದೆ. ಅವಳು ಕೊಟ್ಟ ಉತ್ತರವನ್ನು ಹೇಳುವ ಮೊದಲು ಆ ಯಂತ್ರ ನಮ್ಮ ಮನೆಗೆ ಬಂದ ಬಗೆಯನ್ನು ಹೇಳಬೇಕು. ಆತುರವಿದ್ದವರು ಕ್ಷಮಿಸಿ, ನನಗೀಗ ಆತುರಪಡುವಷ್ಟು ತ್ರಾಣವಿಲ್ಲ.

ಹೆಂಡತಿಯ ವಿಷಯವನ್ನು ಇಷ್ಟು ಸಲೀಸಾಗಿ ಬರೆಯುವ ಧೈರ್ಯ ಎಲ್ಲಿಂದ ಬಂತು ಎನ್ನುತ್ತೀರಾ? ಅವಳಿಗೆ ಕನ್ನಡ ಓದಲು ಬಾರದು. ನಮ್ಮ ಜನ ಕೊಯಮತ್ತೂರಿನ ಕಡೆ ಬಂದು ಎಷ್ಟು ತಲೆಮಾರಾಯಿತೋ ನೆನಪಿಟ್ಟವರಿಲ್ಲ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಜಗಳ ಎರಡರಲ್ಲೂ. ಶಾಲೆಯಲ್ಲಿ ಕಲಿಯುವುದು ತಮಿಳು ಅಕ್ಷರ. ನನಗೆ ನಾಲ್ಕು ಸಾಲು ಕನ್ನಡ ಬರೆಯಲು ಬರುವುದು ತಾತನ ಹಟದಿಂದ. ಜಗಲಿಯ ಮೇಲೆ ಮರಳು ಹರಡಿ, ನನ್ನ ತೋರುಬೆರಳನ್ನು ತಮ್ಮ ಮುಷ್ಟಿಯಲ್ಲಿ ಹಿಡಿದು ಅ ಆ ತಿದ್ದಿಸುತ್ತಿದ್ದರು. ತಪ್ಪಿದರೆ ಅದೇ ಬೆರಳನ್ನು ಮರಳಿಗೆ ಒತ್ತುತ್ತಿದ್ದರು.

ನಾನು ತಪ್ಪುತ್ತಿದ್ದದ್ದಕ್ಕೆ ಕಾರಣ ಎದುರು ಬೇವಿನ ಮರದ ಕೆಳಗೆ ಕೂರುತ್ತಿದ್ದ ಒಬ್ಬ ಮರ ಕಡೆಯುವವನು. ಬಿಲ್ಲಿನ ಹಗ್ಗವನ್ನು ಮರದ ತುಂಡಿಗೆ ಸುತ್ತಿ ಒಂದು ಕೈಯಲ್ಲಿ ಹಿಂದೆ ಮುಂದೆ ಎಳೆಯುತ್ತ, ಇನ್ನೊಂದು ಕೈಯಲ್ಲೂ ಕಾಲ ಹೆಬ್ಬೆರಳಲ್ಲೂ ಉಳಿ ಹಿಡಿದು ಬುಗುರಿ ಮಾಡುತ್ತಿದ್ದ. ಮೂಲೆಗಳಿದ್ದ ತುಂಡು ನೋಡನೋಡುತ್ತಿದ್ದಂತೆ ದುಂಡಗಾಗುತ್ತಿತ್ತು. ಸುರುಳಿ ಸುರುಳಿಯಾಗಿ ಹೊಟ್ಟು ಅವನ ತೊಡೆಯ ಮೇಲೆ ಬೀಳುತ್ತಿತ್ತು. ನನ್ನ ಕಣ್ಣು ಅತ್ತ, ತಾತನ ಕಣ್ಣು ನನ್ನತ್ತ. ಅಕ್ಷರ ಹೇಗೋ ಬಂತು. ಬುಗುರಿಯ ಹುಚ್ಚೂ ಅದರ ಜೊತೆಗೇ ಅಂಟಿಕೊಂಡಿತು.

ದೊಡ್ಡವನಾಗಿ ನಾನು ಪೆರಿಯನಾಯಕನಪಾಳ್ಯಂನ ಒಂದು ವರ್ಕ್‌ಷಾಪಿನಲ್ಲಿ ಡ್ರಾಫ್ಟ್ಸ್‌ಮನ್ ಆದೆ. ಗಿರಣಿ ಯಂತ್ರಗಳ ಬಿಡಿಭಾಗಗಳನ್ನು ಕಾಗದದ ಮೇಲೆ ಗೆರೆ ಎಳೆದು ತೋರಿಸುವ ಕೆಲಸ. ಬೆಳಿಗ್ಗೆಯಿಂದ ಸಂಜೆಯವರೆಗೆ ಬಗ್ಗಿಕೊಂಡೇ ಇರಬೇಕು. ನಾನು ಬರೆದ ಹಲ್ಲುಚಕ್ರಗಳು ಎಲ್ಲೋ ಎರಕವಾಗಿ ಎಲ್ಲೋ ತಿರುಗುತ್ತಿದ್ದವು, ಒಂದನ್ನೂ ನಾನು ಕೈಯಲ್ಲಿ ಮುಟ್ಟಿದವನಲ್ಲ. ಸಂಜೆ ಮೇಟುಪಾಳ್ಯಂ ರಸ್ತೆಯ ಬಸ್ಸಿನಲ್ಲಿ ಜೋತುಬಿದ್ದು ಮನೆಗೆ ಬರುವಾಗ, ಇಡೀ ದಿನ ದುಡಿದೂ ಏನೂ ಮಾಡಿಲ್ಲವೆಂಬ ಒಂದು ಬಗೆಯ ದಣಿವು ಬರುತ್ತಿತ್ತು. ಅದು ನಿದ್ದೆಯಿಂದ ಹೋಗುವ ದಣಿವಲ್ಲ. ಅದಕ್ಕೆ ಮದ್ದೆಂದು ಹಸು ಇಲ್ಲದ ಕೊಟ್ಟಿಗೆಯಲ್ಲಿ ಒಂದು ಹಳೆಯ ಲೇತ್ ಇಟ್ಟುಕೊಂಡೆ. ಲಟ್ಟಣಿಗೆ, ತೊಟ್ಟಿಲ ಕಂಬಿ, ಮುಚ್ಚಳವಿರುವ ಕುಂಕುಮದ ಡಬ್ಬಿ, ಮರದ ಬಟ್ಟಲು ಕಡೆಯತೊಡಗಿದೆ. ಬೀದಿಯವರಿಗೆಲ್ಲ ಲಟ್ಟಣಿಗೆ ಕೊಟ್ಟೆ. ಗಂಡಂದಿರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು.

ಆದರೆ ಒಂದು ತೊಡಕು. ಲೇತಿಗೆ ಏರಿಸುವ ಮೊದಲು ದಿಮ್ಮಿಯನ್ನು ಉದ್ದಕ್ಕೆ ಸೀಳಿ, ಮೂಲೆಗಳನ್ನು ತೆಗೆದು, ರೊಟ್ಟಿಯ ಹಾಗೆ ದುಂಡನೆ ಬಿಲ್ಲೆ ಮಾಡಿಕೊಳ್ಳಬೇಕು. ಕೈಗರಗಸದಲ್ಲಿ ಒಂದು ಹುಣಸೆ ತುಂಡು ಸೀಳುವಷ್ಟರಲ್ಲಿ ಭಾನುವಾರ ಮುಗಿಯುತ್ತಿತ್ತು. ಕಡೆಯುವ ಸುಖಕ್ಕೆ ಉಳಿಯುತ್ತಿದ್ದದ್ದು ನಡುಗುವ ತೋಳು ಮಾತ್ರ. ಒಂದು ಭಾನುವಾರ ಅರ್ಧ ಸೀಳಿದ ದಿಮ್ಮಿಯ ಮೇಲೆ ಹಣೆಯಿಟ್ಟು ನಿದ್ದೆ ಹೋದೆ. ರುಕ್ಮಿಣಿ ಗಾಬರಿಯಾಗಿ ಪಕ್ಕದ ಮನೆಯವರನ್ನು ಕರೆತಂದಳು. ನಾನು ಎದ್ದಾಗ ಹಣೆಯ ಮೇಲೆ ಮರದ ವರ್ಷದ ಉಂಗುರಗಳು ಮೂಡಿದ್ದವು. ಆವತ್ತು ತೀರ್ಮಾನಿಸಿದೆ, ಒಂದು ಬ್ಯಾಂಡ್ ಸಾ ಬೇಕು.

ಬ್ಯಾಂಡ್ ಸಾ ಕಾಣದವರಿಗೆ ಹೇಳುತ್ತೇನೆ. ಮೇಲೊಂದು ಚಕ್ರ, ಕೆಳಗೊಂದು ಚಕ್ರ. ಎರಡನ್ನೂ ಸುತ್ತಿ ಓಡುವ ತೆಳ್ಳನೆಯ ಉಕ್ಕಿನ ಪಟ್ಟಿ, ಅದರ ಒಂದಂಚಿಗೆ ಹಲ್ಲು. ನಡುವೆ ಮೇಜು. ಮೇಜಿನ ಮೇಲೆ ಮರವಿಟ್ಟು ಮುಂದೆ ತಳ್ಳಿದರೆ ಪಟ್ಟಿ ಮೇಲಿನಿಂದ ಕೆಳಕ್ಕೆ ಇಳಿಯುತ್ತ ಕೊಯ್ಯುತ್ತದೆ. ಪಟ್ಟಿ ಸಣ್ಣಗಿದ್ದಷ್ಟೂ ಬಾಗಿದ ಗೆರೆ ಕೊಯ್ಯಬಹುದು. ತಟ್ಟೆಯಂತೆ ದುಂಡಗಿರುವ ಗರಗಸ ಮರವನ್ನು ಎದೆಗೆ ಎಸೆಯುತ್ತದೆ, ಇದು ಮೇಜಿಗೆ ಒತ್ತಿ ಹಿಡಿಯುತ್ತದೆ. ಇಷ್ಟನ್ನೂ ನಾನು ರುಕ್ಮಿಣಿಗೆ ಚಿತ್ರ ಬರೆದು ವಿವರಿಸಿದೆ. ಅವಳು ಅಕ್ಕಿ ಆರಿಸುತ್ತ ಕೇಳಿದಳು.

"ಇದಕ್ಕೆ ಹಲ್ಲು ಉಂಟೋ ಇಲ್ವೋ?"

"ಉಂಟು."

"ಹಂಗಾದ್ರೆ ಸಾಕು. ನಂಗೆ ರಂಬ ಅಂದ್ರೆ ಅಪ್ಪನ ಕೈಯೇ ಕಣ್ಮುಂದೆ ಬರುತ್ತೆ."

ರಂಬವೆಂದರೆ ಗರಗಸ. ಅವಳ ಅಪ್ಪ, ನಂಜಪ್ಪ ಮಾವ, ಪೊಳ್ಳಾಚಿಯ ಒಂದು ಮರದ ಮಿಲ್ಲಿನಲ್ಲಿ ಕೊಯ್ಯುವ ಕೆಲಸದಲ್ಲಿದ್ದವರು. ರುಕ್ಮಿಣಿ ಚಿಕ್ಕವಳಿದ್ದಾಗ ಒಂದು ದಿನ ತಟ್ಟೆ ಗರಗಸ ಅವರ ಎಡಗೈಯ ಎರಡು ಬೆರಳನ್ನು ತೆಗೆದುಕೊಂಡಿತು. ಮಧ್ಯಾಹ್ನದ ಬುತ್ತಿ ಕೊಡಲು ಹೋಗಿದ್ದವಳು ಅವಳೇ. ಬುತ್ತಿ ಕಟ್ಟಿದ್ದ ಬಟ್ಟೆಯನ್ನೇ ಬಿಚ್ಚಿ ಅಪ್ಪನ ಕೈಗೆ ಸುತ್ತಿದಳಂತೆ. ಇದನ್ನು ತಿಳಿದೂ ನಾನು ಬ್ಯಾಂಡ್ ಸಾ ಬೇಕೆಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ, ಹುಚ್ಚು ಅಂಥದ್ದು.

ಅವಳು ಬೇಡವೆಂದು ಕಡ್ಡಿ ಮುರಿದಂತೆ ಹೇಳಲಿಲ್ಲ, ನಾನೂ ತರುತ್ತೇನೆಂದು ಹೇಳಲಿಲ್ಲ. 'ಆರಿಸುತ್ತೇನೆ' ಎಂದೆ. ಆ ಆರಿಸುವಿಕೆ ಒಂದೂವರೆ ವರ್ಷ ನಡೆಯಿತು. ಐವತ್ತೆರಡೋ ಐವತ್ತಮೂರೋ ಇಸವಿ, ಸರಿಯಾಗಿ ನೆನಪಿಲ್ಲ. ಕೊಯಮತ್ತೂರಿನಲ್ಲಿ ಎತ್ತ ತಿರುಗಿದರೂ ಒಂದು ಎರಕದ ಕುಲುಮೆ, ಒಂದು ಮೋಟಾರಿನ ಷೆಡ್ಡು. ಕೇಳಿದವರೆಲ್ಲ ಪಂಡಿತರು. ಪೀಳಮೇಡಿನ ಒಬ್ಬ ಕುಲುಮೆಯವರು ಹಸಿರು ಬಣ್ಣ ಬಳಿದ ಹೊಸ ಯಂತ್ರ ತೋರಿಸಿ, "ಇದು ಆಯುಸುಕ್ಕುಂ ಉಳೈಕ್ಕುಂಗ ಸಾರ್" ಎಂದು ಅದರ ಬೆನ್ನು ತಟ್ಟಿದರು. ಆಯುಷ್ಯವಿಡೀ ದುಡಿಯುತ್ತದೆಯಂತೆ. ದುಡಿಯಬಹುದು, ಆದರೆ ಮೇಜಿನಿಂದ ಮೇಲಕ್ಕೆ ಆರಂಗುಲ ಮರ ಮಾತ್ರ ಹಿಡಿಸುತ್ತಿತ್ತು. ನನ್ನ ಬಟ್ಟಲಿಗೆ ಎಂಟಂಗುಲವಾದರೂ ಬೇಕು. ಪೊಳ್ಳಾಚಿಯಲ್ಲಿ ಒಂದು ವಿಲಾಯತಿ ಯಂತ್ರ ಮಾರಾಟಕ್ಕಿತ್ತು. ಅದರ ಚಕ್ರ ಎತ್ತಿನ ಗಾಡಿಯ ಚಕ್ರದಷ್ಟು. ಅದನ್ನು ತಂದರೆ ಕೊಟ್ಟಿಗೆಯ ಸೂರು ಎತ್ತರಿಸಬೇಕು, ಮಿಲ್ಲಿಗೆ ಕೊಡುವಂಥ ಕರೆಂಟು ಮನೆಗೆ ಎಳೆಸಬೇಕು. ನಮ್ಮ ಆಫೀಸಿನ ಸುಬ್ಬಯ್ಯನ್ ಸೈಕಲ್ ಚಕ್ರಗಳಿಂದ ತಾನೇ ಒಂದನ್ನು ಕಟ್ಟಿದ್ದ. ನೋಡಲು ಹೋದೆ. ಅರ್ಧ ಗಂಟೆಯಲ್ಲಿ ಮೂರು ಸಲ ಪಟ್ಟಿ ಕಳಚಿ ಗೋಡೆಗೆ ಬಡಿಯಿತು. ನಾವಿಬ್ಬರೂ ಬಾಗಿಲ ಹಿಂದೆ ನಿಂತು ಅದರ ಗುಣಗಳನ್ನು ಚರ್ಚಿಸಿದೆವು.

ತಿರುಪ್ಪೂರಿನಲ್ಲಿ ನೂಲು ಸುತ್ತುವ ಮರದ ಬಾಬಿನ್ ಮಾಡುತ್ತಿದ್ದವರೊಬ್ಬರು ಕೆಲಸ ನಿಲ್ಲಿಸಿ ತಮ್ಮ ಬ್ಯಾಂಡ್ ಸಾ ಕೊಡುತ್ತಾರೆಂದು ತಿಳಿದು ಅಲ್ಲಿಗೂ ಹೋದೆ. ಹದಿನೆಂಟಂಗುಲದ ಚಕ್ರ, ಹತ್ತಂಗುಲ ಎತ್ತರದ ಮರ ಹಿಡಿಸುತ್ತಿತ್ತು, ಮೋಟಾರು ಮನೆಯ ಕರೆಂಟಿಗೇ ಓಡುತ್ತಿತ್ತು. ಆದರೆ ಬಣ್ಣವೆಲ್ಲ ಹೋಗಿತ್ತು, ಬೆನ್ನ ಮೇಲೆ ಉದ್ದಕ್ಕೆ ಒಂದು ಗೆರೆ ಕಂಡಿತು. ಬಿರುಕು ಎಂದು ಬರೆದುಕೊಂಡು ಹಿಂತಿರುಗಿದೆ.

ಹೌದು, ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೆ. ನಲವತ್ತು ಪುಟದ ಒಂದು ನೋಟ್‌ಬುಕ್, ಪುಟಕ್ಕೆ ಆರು ಕಾಲಂ. ಕೊಟ್ಟಿಗೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಯಂತ್ರದ ನಿಜ ಅಳತೆಯ ನಕ್ಷೆ ಬರೆದೆ, ದಿಮ್ಮಿ ತಿರುಗಿಸಲು ಜಾಗ ಸಾಲುತ್ತದೆಯೇ ಎಂದು ನೋಡಲು. ಅಳಿಸಬಾರದೆಂದು ಹೇಳಿದ್ದರಿಂದ ರುಕ್ಮಿಣಿ ಅದರ ಹೊರಗೆ ಗುಡಿಸುತ್ತಿದ್ದಳು, ಒಳಗೆ ಮೆಣಸಿನಕಾಯಿ ಒಣಗಿಸುತ್ತಿದ್ದಳು. ಬೇರೆಯವರ ಯಂತ್ರಗಳಿಗೆ ಕೂದಲೆಳೆಯಷ್ಟೂ ತಪ್ಪದೆ ಗೆರೆ ಎಳೆಯುವ ನಾನು ನನಗೆ ಬೇಕಾದದ್ದನ್ನು ಆರಿಸಲಾರದೆ ಸೋತುಹೋದೆ. ಭಾನುವಾರ ಬಸ್ಸು, ಧೂಳು, ಯಾರದೋ ಷೆಡ್ಡಿನ ಮುಂದೆ ಕಾಯುವುದು, ಬರಿಗೈಯಲ್ಲಿ ಮರಳುವುದು. ಕೈಗರಗಸದಲ್ಲಿ ಸೀಳಿದ್ದರೆ ಅಷ್ಟು ದಿನಕ್ಕೆ ಒಂದು ತೋಪನ್ನೇ ಸೀಳಬಹುದಿತ್ತು.

ಪೊಳ್ಳಾಚಿಯ ಆ ವಿಲಾಯತಿ ಯಂತ್ರ ನೋಡಲು ಹೋದ ದಿನ ನಂಜಪ್ಪ ಮಾವನೂ ಜೊತೆಗೆ ಬಂದಿದ್ದರು. ಅವರ ಮನೆ ಆನೈಮಲೈಯಲ್ಲಿ. ನಾನು ಟೇಪು ಹಿಡಿದು ಅಳೆಯುತ್ತಿದ್ದರೆ ಅವರು ದೂರದಲ್ಲಿ ತೇಗದ ಹೊಟ್ಟಿನ ರಾಶಿಯ ಪಕ್ಕ ನಿಂತಿದ್ದರು. ಬಸ್ಸಿಗೆ ಕಾಯುವಾಗ, ನಾನು ಕೇಳದಿದ್ದರೂ, ಅವರೇ ಹೇಳಿದರು. ಅಳಿಯನಾದ ನನ್ನನ್ನು ಅವರು ಮಾಪ್ಳೆ ಎಂದೇ ಕರೆಯುತ್ತಿದ್ದರು.

"ಬೆರಳು ಹೋದ ನೋವು ಒಂದು ತಿಂಗಳು, ಮಾಪ್ಳೆ. ಆಮೇಲೆ ನಿಮ್ಮತ್ತೆ ಅಮ್ಮನ ಗುಡೀಲಿ ಪೂ ಕೇಳಿದ್ಳು, ಇವ್ರು ಮತ್ತೆ ರಂಬಕ್ಕೆ ಹೋಗ್ಬೋದಾ ಅಂತ. ಕೆಂಪು ಬಂತು."

"ಆಮೇಲೆ?"

"ಆಮೇಲೇನು, ಅಮ್ಮನ ಮಾತು ಮೀರಾಕಾಗುತ್ತಾ? ಗೇಟಲ್ಲಿ ಕೂತು ದಿಮ್ಮಿಗೆ ತಾರಲ್ಲಿ ಗುರುತು ಹಾಕ್ದೆ. ಹದಿಮೂರು ವರ್ಷ. ಒಳಗಿಂದ ಮರದ ವಾಸನೆ ಬರುತ್ತೆ, ಮುಟ್ಟಾಕಿಲ್ಲ."

 ಬಸ್ಸು ಬಂತು.

ಪೂ ಕೇಳುವುದೆಂದರೆ ಇಷ್ಟು. ನಮ್ಮ ಕಡೆ ಹೆಣ್ಣು ಗೊತ್ತುಮಾಡುವುದಿರಲಿ, ಬಾವಿ ತೋಡುವುದಿರಲಿ, ಮನಸ್ಸು ಎರಡಾದಾಗ ಮನೆದೇವರ ಮುಂದೆ ಹೂವಿನಿಂದ ಅಪ್ಪಣೆ ಕೇಳುತ್ತಾರೆ. ಒಂದು ಎಲೆಯ ಪೊಟ್ಟಣದಲ್ಲಿ ಬಿಳಿ ಹೂವು, ಇನ್ನೊಂದರಲ್ಲಿ ಕೆಂಪು. ಎರಡೂ ಹೊರಗಿನಿಂದ ಒಂದೇ ಥರ ಕಾಣಬೇಕು. ಕಟ್ಟುವುದನ್ನು ಯಾರೂ ನೋಡಬಾರದು. ಕಟ್ಟಿದವರನ್ನು ಬಿಟ್ಟು ಬೇರೆಯವರು ಒಂದನ್ನು ಎತ್ತಬೇಕು. ಬಿಳಿ ಬಂದರೆ ಆಗಲಿ, ಕೆಂಪು ಬಂದರೆ ಬೇಡ. ಉಳಿದ ಪೊಟ್ಟಣವನ್ನು ಬಿಚ್ಚದೆ ಹರಿಯುವ ನೀರಿಗೆ ಬಿಡಬೇಕು. ಬಂದ ಉತ್ತರದ ಮೇಲೆ ಎರಡನೆಯ ಮಾತಿಲ್ಲ.

ಒಂದು ದಿನ ಗುಡಿಸುತ್ತಿದ್ದ ರುಕ್ಮಿಣಿ ಕಸಪೊರಕೆಯನ್ನು ನೆಲಕ್ಕೆ ಹಾಕಿ ನನ್ನ ಮುಂದೆ ಬಂದು ನಿಂತಳು.

"ಏನುಂಗ, ಇಲ್ಲದ ಮೆಷಿನ್ ಸುತ್ತ ಗುಡಿಸಿ ಗುಡಿಸಿ ನನಗೆ ಸಾಕಾಯ್ತು. ನೀವೂ ಸಾಯ್ತೀರಿ, ನನ್ನನ್ನೂ ಸಾಯಿಸ್ತೀರಿ. ಅಮ್ಮನ ಹತ್ರ ಪೂ ಕೇಳಿಬಿಡೋಣ. ಬಿಳಿ ಬಂದ್ರೆ ತನ್ನಿ, ನಾನು ಒಂದು ಮಾತಾಡಲ್ಲ. ಕೆಂಪು ಬಂದ್ರೆ ಆ ಲೇತೂ ಹೋಗ್ಬೇಕು."

"ಲೇತ್ ಯಾಕೆ?"

"ಲೇತ್ ಇದ್ರೆ ರಂಬದ ಯೋಚನೆ ಬಿಡುತ್ತಾ?"

ಅವಳು ಹೇಳಿದ್ದು ನಿಜ. ನಾನು ಆಫೀಸಿನಲ್ಲಿ ಶಕುನ, ಪಂಚಾಂಗ, ಹಲ್ಲಿ ನುಡಿಯುವುದು ಎಲ್ಲವನ್ನೂ ಗೇಲಿ ಮಾಡುವ ಆಸಾಮಿ. ಆದರೆ ಒಂದೂವರೆ ವರ್ಷ ಆರಿಸಿ ಆರಿಸಿ ಬೇಸತ್ತವನಿಗೆ ಯಾರಾದರೂ ಹೌದೋ ಅಲ್ಲವೋ ಎಂದು ಹೇಳಿಬಿಟ್ಟರೆ ಸಾಕಾಗಿತ್ತು. ಸರಿ ಎಂದುಬಿಟ್ಟೆ. ಹೇಳಿದ ಮೇಲೆ ಕೊಟ್ಟಿಗೆಗೆ ಹೋಗಿ ಲೇತಿನ ಮೇಲೆ ಕೈಯಿಟ್ಟುಕೊಂಡು ನಿಂತೆ. ಗೆರೆ ಎಳೆದು ಬಂದ ಸಂಜೆಗಳಲ್ಲಿ ನನಗೆ ಇದ್ದದ್ದು ಅದೊಂದೇ.

ಆನೈಮಲೈಯ ಹೊರಗೆ ತೆಂಗಿನ ತೋಟದ ನಡುವೆ ಮಾವನ ಮನೆದೇವರ ಪುಟ್ಟ ಗುಡಿ. ಶುಕ್ರವಾರ ಬೆಳಿಗ್ಗೆ ಹೋದೆವು. ರುಕ್ಮಿಣಿ ಪೊಟ್ಟಣ ಕಟ್ಟಲು ಕೂತಳು. ಮಾವ ಅವಳ ಕೈಯಿಂದ ಎಲೆಗಳನ್ನು ತೆಗೆದುಕೊಂಡರು.

"ನೀನು ಬ್ಯಾಡ, ನನ್ ಕಣ್ಣೇ. ಕೇಳೋಳು ನೀನು. ನಾನು ಕಟ್ತೀನಿ."

ನಂದಿಬಟ್ಟಲು ಹೂಗಳನ್ನೂ ಕೆಂಪು ಕಣಗಿಲೆಯನ್ನೂ ತೆಗೆದುಕೊಂಡು ಗುಡಿಯ ಹಿಂದೆ ಹೋದರು. ತುಂಬ ಹೊತ್ತು ಬರಲಿಲ್ಲ. ಎರಡು ಬೆರಳಿಲ್ಲದ ಕೈಯಲ್ಲಿ ಬಾಳೆನಾರಿನ ಗಂಟು ಹಾಕುವುದು ಸುಲಭವಲ್ಲ. ನಾನು ಅವರಿಗಾಗಿ ಕಾಯುತ್ತ, ಎರಡರಲ್ಲಿ ಒಂದು ಎಂದು ಗೆಲ್ಲುವ ಸಾಧ್ಯತೆಯನ್ನು ಮನಸ್ಸಿನಲ್ಲೇ ಅಳೆಯುತ್ತಿದ್ದೆ. ಒಳಗೊಳಗೆ ಒಂದು ಅನುಮಾನವೂ ಇತ್ತು. ಗರಗಸಕ್ಕೆ ಬೆರಳು ಕೊಟ್ಟವರು, ಒಬ್ಬಳೇ ಮಗಳ ಅಪ್ಪ, ಈ ಯಂತ್ರ ಬರಲೆಂದು ಬಯಸುತ್ತಾರೆಯೇ? ನನ್ನ ಮನಸ್ಸಿನಲ್ಲಿ ಲೇತ್ ಆಗಲೇ ಯಾರದೋ ಗಾಡಿ ಹತ್ತಿ ಹೋಗಿತ್ತು.

ಪೊಟ್ಟಣಗಳು ದೇವಿಯ ಪಾದದ ಬಳಿ ಬಂದವು. ಪೂಜಾರಿಯ ತಾಯಿಗೆ ಎಂಬತ್ತು ದಾಟಿತ್ತು, ಕಣ್ಣು ಮಂಜಾಗಿತ್ತು. ಆಕೆ ತಡವಿ ಒಂದನ್ನು ಎತ್ತಿ ರುಕ್ಮಿಣಿಯ ಸೆರಗಿಗೆ ಹಾಕಿದರು. ಅವಳು ಬಿಚ್ಚಿದಳು. ಬಿಳಿ.

ನಾನು ಆ ಜಾಗದಲ್ಲೇ ಆಸ್ತಿಕನಾದೆ. ಕೈ ಮುಗಿದವನು ಮುಗಿದೇ ನಿಂತೆ. ರುಕ್ಮಿಣಿ ಉಳಿದ ಪೊಟ್ಟಣವನ್ನು ತೆಗೆದುಕೊಂಡು ತೋಟದಾಚೆಯ ಕಾಲುವೆಗೆ ಬಿಡಲು ಒಬ್ಬಳೇ ಹೋದಳು. ಮಾವ ಕಂಬಕ್ಕೆ ಒರಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

ಮುಂದಿನ ಭಾನುವಾರ ಅವರೇ ನನ್ನ ಜೊತೆ ಹೊರಟರು. ನಲವತ್ತು ಪುಟದ ನೋಟ್‌ಬುಕ್ ಕೊಟ್ಟೆ. ತಿರುಗಿಸಿ ನೋಡಿ, "ಚಂದಾಗಿ ಬರ್ದಿದೀರಿ" ಎಂದು ಹಿಂದೆ ಕೊಟ್ಟರು. ಪೀಳಮೇಡಿನ ಹಸಿರು ಯಂತ್ರದ ಮೇಜಿನ ಮೇಲೆ ಒಂದು ರೂಪಾಯಿ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ಚಾಲೂ ಮಾಡಿಸಿದರು. ನಾಣ್ಯ ಕುಣಿದು ಕೆಳಗೆ ಬಿತ್ತು. "ನಡೀರಿ" ಎಂದರು. ತಿರುಪ್ಪೂರಿನಲ್ಲಿ ಆ ಬೋಳು ಯಂತ್ರದ ಮೇಲೆ ನಾಣ್ಯ ನಿಂತಲ್ಲೇ ನಿಂತಿತು. ಮಾವ ಮೇಲಿನ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ಕಿವಿ ಕೊಟ್ಟು ಕೇಳಿದರು. ಬೆನ್ನ ಮೇಲಿನ ಗೆರೆಯ ಮೇಲೆ ಎಡಗೈಯ ಉಳಿದ ಬೆರಳುಗಳನ್ನು ಆಡಿಸಿದರು.

"ಇದು ಬಿರುಕು ಅಲ್ಲ ಮಾಪ್ಳೆ. ಎರಕದ ಅಚ್ಚು ಎರಡು ಸೇರೋ ಜಾಗ. ನೀವು ದಿನಾ ಇದನ್ನೇ ಅಲ್ವಾ ಬರೆಯೋದು?"

ಅದನ್ನೇ ಬರೆಯುತ್ತಿದ್ದೆ. ಹತ್ತು ವರ್ಷ ಬರೆದೂ ಮುಟ್ಟಿ ನೋಡಿರಲಿಲ್ಲ. ಅರ್ಧ ಗಂಟೆಯಲ್ಲಿ ವ್ಯವಹಾರ ಮುಗಿಯಿತು.

ಯಂತ್ರ ಬಂದ ದಿನ ಮಾವ ಹುಣಸೆ ಕಟ್ಟಿಗೆಯಿಂದ ಒಂದು ತಳ್ಳುಕೋಲು ಮಾಡಿಕೊಟ್ಟರು. ಮರವನ್ನು ಪಟ್ಟಿಯ ಹತ್ತಿರಕ್ಕೆ ಬೆರಳಿನಿಂದ ತಳ್ಳಬಾರದು, ಕೋಲಿನಿಂದ ತಳ್ಳಬೇಕು. ದುಂಡನೆಯ ದಿಮ್ಮಿಯನ್ನು ಹಾಗೆಯೇ ಇಟ್ಟರೆ ಉರುಳಿ ಕೈಯನ್ನು ಒಳಗೆಳೆಯುತ್ತದೆ. ಮೊದಲು ಒಂದು ಮುಖ ಚಪ್ಪಟೆ ಮಾಡಬೇಕು. ಇವೆರಡನ್ನು ನನ್ನಿಂದ ಮೂರು ಮೂರು ಸಲ ಹೇಳಿಸಿದರು. ಆ ಕೋಲು ಇವತ್ತಿಗೂ ನನ್ನ ಹತ್ತಿರ ಇದೆ, ಯಂತ್ರದ ಜೊತೆ ಕೊಡಲಿಲ್ಲ. ಅದರ ತುದಿಯಲ್ಲಿ ಎಷ್ಟೋ ಕಚ್ಚುಗಳಿವೆ. ಅವೆಲ್ಲ ನನ್ನ ಬೆರಳುಗಳಿಗೆ ಆಗಬೇಕಾಗಿದ್ದ ಗಾಯಗಳು.

ಮಾವ ಊರಿಗೆ ಬಂದಾಗೆಲ್ಲ ಕೊಟ್ಟಿಗೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದರು. ಹೊಟ್ಟನ್ನು ಅಂಗೈಯಲ್ಲಿ ಹಿಡಿದು, ಮೂಸಿ, 'ಇದು ಬಾಗೆ', 'ಇದು ಹಲಸು' ಎಂದು ಹೇಳುತ್ತಿದ್ದರು. ಒಂದು ಸಲ ನಾನು, ನೀವೇ ಒಂದು ತುಂಡು ಕೊಯ್ಯಿರಿ ಮಾವ, ಇಲ್ಲಿ ಯಾರು ನೋಡುತ್ತಾರೆ, ಎಂದೆ. ಅವರು ಏಳಲಿಲ್ಲ.

"ನಂಗೆ ಬಂದಿದ್ದು ಕೆಂಪು, ಮಾಪ್ಳೆ."

ಅದಾದ ಮೂರನೆಯ ವರ್ಷ ತೀರಿಕೊಂಡರು. ಕೊನೆಯವರೆಗೂ ಸ್ವಿಚ್ ಮುಟ್ಟಲಿಲ್ಲ.

ನಾನೋ, ದೇವಿಯೇ ನನ್ನ ಪಕ್ಷ ಎಂದು ಬೀದಿಗೆಲ್ಲ ಹೇಳಿಕೊಂಡು ತಿರುಗಿದೆ. ಪ್ರತಿವರ್ಷ ಗುಡಿಗೆ ಎಣ್ಣೆ ಕಳಿಸಿದೆ. ಕಡೆದ ಮೊದಲ ಬಟ್ಟಲನ್ನು ಕುಂಕುಮಕ್ಕೆಂದು ಅಲ್ಲಿಗೇ ಕೊಟ್ಟೆ. ರುಕ್ಮಿಣಿ ಮಾತಿನಂತೆ ಒಂದು ಸಲವೂ ಬೇಡವೆನ್ನಲಿಲ್ಲ. ಯಂತ್ರದ ಸದ್ದು ನಿಂತ ಕೂಡಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು, ಅಷ್ಟೇ. ಎಡಗೈ, ಬಲಗೈ, ಆಮೇಲೆ ಒಳಗೆ ಹೋಗುವಳು. ದೇವಿಯೇ ಒಪ್ಪಿದ ಮೇಲೂ ಇವಳಿಗೇಕೆ ನಂಬಿಕೆಯಿಲ್ಲ ಎಂದು ಎಷ್ಟೋ ಸಲ ಛೇಡಿಸಿದ್ದೇನೆ. ಅವಳು ನಗುತ್ತಿದ್ದಳು.

ಮೊನ್ನೆ ಕೇಳಿದಾಗಲೂ ಅದನ್ನೇ ಅಂದೆ. ಯಂತ್ರವೂ ಹೋಯಿತು, ಅಮ್ಮನೂ ಬಿಳಿ ಹೂವು ಕೊಟ್ಟು ಇಷ್ಟು ವರ್ಷ ಕಾಪಾಡಿದಳು, ಇನ್ನೂ ಏನು ನೋಡುತ್ತೀಯ?

ಅವಳು ಹುರುಳಿಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಆವತ್ತು ಕಾಲುವೇಲಿ ಬಿಡಾಕೆ ಹೋದೆನಲ್ಲ, ಇನ್ನೊಂದು ಪೊಟ್ಣ. ಅದನ್ನ ಬಿಚ್ಚಿದೆ."

"ಬಿಚ್ಚಬಾರದಲ್ಲ!"

"ಬಿಚ್ಚಬಾರ್ದು. ಆದ್ರೆ ಆ ಕೆಂಪು ಹೂವನ್ನ ಒಂದು ಸಲ ನೋಡ್ಬೇಕು ಅನ್ನಿಸ್ತು. ನಮ್ಮಪ್ಪನ್ನ ಹದಿಮೂರು ವರ್ಷ ಗೇಟಲ್ಲಿ ಕೂರಿಸಿದ ಹೂವಲ್ವಾ ಅದು? ಬಿಚ್ಚಿದ್ರೆ, ಅದರಲ್ಲೂ ಬಿಳೀನೇ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಎರಡು ಪೊಟ್ಟಣದಲ್ಲೂ ಬಿಳಿ. ಗುಡಿಯ ಹಿಂದೆ ಅಷ್ಟು ಹೊತ್ತು, ಆ ಕೈಯಲ್ಲಿ, ಮಾವ ಕಟ್ಟಿದ್ದು ಅದನ್ನು.

"ತನಗೆ ಬಂದದ್ದನ್ನ ಅಪ್ಪ ಮೀರ್ಲಿಲ್ಲ," ಎಂದಳು. "ನಿಮಗೆ ಬರಬಹುದಾಗಿದ್ದನ್ನ ತಡೆದ್ರು."

"ಆವತ್ತೇ ಹೇಳಬಹುದಿತ್ತಲ್ಲ, ರುಕ್ಮಿಣಿ."

"ಹೇಳಿದ್ರೆ ಮತ್ತೆ ಕೇಳ್ಬೇಕಾಗಿತ್ತು. ಕೆಂಪು ಬಂದಿದ್ರೆ? ನೀವೂ ಅಪ್ಪನ ಥರ ವಾಸನೆ ನೋಡ್ಕೊಂಡು ಕೂರೋದನ್ನ ನಾನು ನೋಡ್ಬೇಕಾಗಿತ್ತು. ಪೊಟ್ಣ ನೀರಿಗೆ ಬಿಟ್ಟು ಬಂದೆ." ಒಂದು ಹುರುಳಿಕಾಯಿಯ ನಾರು ತೆಗೆದಳು. "ಅಮ್ಮ ಕೊಟ್ಟಿದ್ರೆ ಅವಳೇ ಕಾಯ್ತಾಳೆ ಅಂತ ನಾನು ನಿದ್ದೆ ಮಾಡ್ತಿದ್ದೆ. ಅವಳನ್ನ ಯಾರೂ ಕೇಳ್ಲೇ ಇಲ್ವಲ್ಲ. ಕಟ್ಟಿದ್ದು ಅಪ್ಪ, ಒಪ್ಪಿದ್ದು ನಾನು. ಅದಕ್ಕೇ ದಿನಾ ನಾನೇ ನೋಡ್ಬೇಕಾಯ್ತು. ಈಗ ಬಿಡಾಕೆ ಬರ್ತಿಲ್ಲ. ನಂಗೂ ಸುಸ್ತಾಗಿದೆ, ಏನುಂಗ."

ಈ ಬರಹದ ತುಂಬ ನನ್ನ ದಣಿವನ್ನೇ ಹೇಳಿಕೊಂಡು ಬಂದಿದ್ದೇನೆ. ಬಸ್ಸಿನ ದಣಿವು, ಗೆರೆಯ ದಣಿವು, ಆರಿಸುವ ದಣಿವು. ನನಗೆ ಭಾನುವಾರವಾದರೂ ಇತ್ತು. ಅವಳಿಗೆ ಅದೂ ಇರಲಿಲ್ಲ. ನಾನು ಗರಗಸದ ಮುಂದೆ ಹಾಯಾಗಿ ನಿಂತಷ್ಟು ಹೊತ್ತೂ ಅವಳು ಒಲೆಯ ಮುಂದೆ ಕಿವಿ ಇಟ್ಟುಕೊಂಡು ನಿಂತಿದ್ದಳು. ನಾನು ದೇವಿಗೆ ಎಣ್ಣೆ ಕಳಿಸುತ್ತಿದ್ದೆ.

"ಇನ್ನು ಸಾಕು," ಎಂದೆ. "ನಾಳೆಯಿಂದ ನೋಡಬೇಡ."

"ಸರಿ," ಎಂದಳು. ನನಗೆ ನಂಬಿಕೆ ಬರಲಿಲ್ಲ, ಅವಳಿಗೂ ಬಂದಂತೆ ಕಾಣಲಿಲ್ಲ.

ಮರುದಿನ ಮಧ್ಯಾಹ್ನ ಪೋಸ್ಟಾಫೀಸಿಗೆ ಹೋಗಿ ಬಂದೆ. ಬಾಗಿಲಲ್ಲಿ ಅವಳಿರಲಿಲ್ಲ. ಹಜಾರದಲ್ಲಿ ಚಾಪೆಯ ಮೇಲೆ ಗೋಡೆಗೆ ಬೆನ್ನು ಮಾಡಿ ನಿದ್ದೆ ಹೋಗಿದ್ದಳು. ನಾನು ಬರುವ ಹೊತ್ತಿಗೆ ಅವಳು ನಿದ್ದೆಯಲ್ಲಿದ್ದದ್ದನ್ನು ಕಂಡದ್ದು ಅದೇ ಮೊದಲು. ಎಬ್ಬಿಸಲು ಮನಸ್ಸು ಬರಲಿಲ್ಲ. ಸದ್ದಾಗದಂತೆ ಅವಳ ಎದುರಿಗೆ ಕೂತೆ. ಎದ್ದ ಕೂಡಲೇ ಹುಡುಕದಿರಲಿ ಎಂದು ಎರಡು ಕೈಗಳನ್ನೂ ಬೆರಳು ಬಿಡಿಸಿ ಮಂಡಿಯ ಮೇಲೆ ಇಟ್ಟುಕೊಂಡೆ.